ಬಾಡಿಗೆ ನಮ್ಮ ಜೇಬಿಗೆ, ಹೊಲಸು ಹಳ್ಳಕ್ಕಾ?

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿಗೆ ಸ್ಪ್ರಿಂಕ್ಲರ್ ಹಾಕೋಣ ಅಂತ ಹಳ್ಳಕ್ಕೆ ಇಳಿದೆ. ಫುಟ್‌ವಾಲ್ವ್ ಹತ್ರ ನೀಲಿ ನೀರು, ಒದ್ದೆ ಕಾಗದದ ಮುದ್ದೆ. ವಾಸನೆ ಹೇಳೋದೇ ಬೇಡ. ಹಿಂದಿನ ರಾತ್ರಿ ಮೇಲಿನ ಗದ್ದೆಬಯಲಲ್ಲಿ ಕ್ಯಾಂಪರ್ ವ್ಯಾನ್ ನಿಂತಿತ್ತು. ಮಂಚ, ಒಲೆ, ಟಾಯ್ಲೆಟ್ ಎಲ್ಲಾ ಒಳಗೇ ಇರೋ ಗಾಡಿ. ಟಾಯ್ಲೆಟ್ ಡಬ್ಬ ಹಳ್ಳಕ್ಕೆ ಬಗ್ಗಿಸಿ ಹೋಗಿದ್ದಾರೆ. ಕೆಳಗಿನ ಲೈನ್‌ಮನೆಯವರು ಕುಡಿಯೋದು ಇದೇ ನೀರು.

ಪೇಟೆಯವರನ್ನ ಬೈಯೋದು ಸುಲಭ. ನಾನು ಬೈತಿರೋದು ನಮ್ಮನ್ನೇ. ಜಾಗ ಕೊಟ್ಟು ದುಡ್ಡು ಇಸ್ಕೊಂಡಾಗ "ಡಬ್ಬ ಎಲ್ಲಿ ಖಾಲಿ ಮಾಡ್ತೀರಿ?" ಅಂತ ಯಾರಾದ್ರೂ ಕೇಳಿದ್ವಾ?

"ಗೊಬ್ಬರ ತಾನೆ, ಗಿಡದ ಬುಡಕ್ಕೆ ಹೋಗ್ಲಿ ಬಿಡಿ" ಅನ್ನೋರಿದ್ದಾರೆ. ಅಲ್ಲ ಸ್ವಾಮಿ. ಎರಡು ಗುಂಡಿ ಶೌಚಾಲಯದಲ್ಲೇ ತುಂಬಿದ ಗುಂಡಿಯನ್ನ ವರ್ಷಕ್ಕಿಂತ ಹೆಚ್ಚು ಮುಚ್ಚಿಡ್ಬೇಕು, ಜಂತುಹುಳದ ಮೊಟ್ಟೆ ಅಷ್ಟು ಗಟ್ಟಿ. ಮೇಲಿಂದ ಆ ನೀಲಿ ದ್ರಾವಣ. ಅಂಥ ಎಷ್ಟೋ ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರತ್ತೆ. ವಾಸನೆ ನಿಲ್ಲೋದು ಸೂಕ್ಷ್ಮಜೀವಿ ಸಾಯೋದರಿಂದ. ಅದೇ ಸೂಕ್ಷ್ಮಜೀವಿಗಳಿಂದ ತಾನೇ ನಮ್ಮ ಸೆಪ್ಟಿಕ್ ಟ್ಯಾಂಕ್, ಗೋಬರ್ ಗ್ಯಾಸ್ ನಡೆಯೋದು? ಅಲ್ಲಿಗೂ ಅದನ್ನ ಸುರಿಯಬೇಡಿ.

ಕಾನೂನೂ ಇದೆ. 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಹಳ್ಳ, ಬಾವಿಗೆ ಹೊಲಸು ಬಿಡೋದಷ್ಟೇ ಅಲ್ಲ, ಗೊತ್ತಿದ್ದೂ ಬಿಡಲು ಅವಕಾಶ ಕೊಡೋದೂ ತಪ್ಪು. ಅಂದ್ರೆ ಜಾಗದ ಮಾಲೀಕ ಕೈ ತೊಳ್ಕೊಳ್ಳೋ ಹಾಗಿಲ್ಲ. ಅಮೆರಿಕದಂಥ ಕಡೆ ಇಂಥ ಗಾಡಿಗಳು ಡಬ್ಬ ಖಾಲಿ ಮಾಡೋಕೆ ಅಂತಲೇ ಡಂಪ್ ಸ್ಟೇಷನ್ ಇರತ್ತೆ. ನಮ್ಮಲ್ಲಿ ಗಾಡಿ ಮೊದಲು ಬಂತು, ಗುಂಡಿ ಬರಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ಗಾಡಿ ನಿಲ್ಲಿಸಿಕೊಳ್ಳೋರು ಬಾವಿ, ಹಳ್ಳದಿಂದ 60 ಅಡಿಗಿಂತ ದೂರ ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ಇರೋ ಟಾಯ್ಲೆಟ್ ಕಟ್ಟಿಸಿ, ಅತಿಥಿಗಳು ಅದನ್ನೇ ಬಳಸಲಿ. ಫಾರ್ಮಾಲ್ಡಿಹೈಡ್ ದ್ರಾವಣ ಹಾಕಿರೋ ಡಬ್ಬ ನಮ್ಮ ತೋಟದಲ್ಲಿ ತೆರೆಯೋ ಹಾಗಿಲ್ಲ, ಮುಚ್ಚಿಕೊಂಡೇ ವಾಪಸ್ ಒಯ್ಯಲಿ. ಪಾತ್ರೆ ತೊಳೆದ ನೀರೂ ಹಳ್ಳಕ್ಕೆ ಬೇಡ. ಡಬ್ಬ ಖಾಲಿ ಮಾಡೋದು ಗಾಡಿಯವರ ಕೆಲಸ, ನಮ್ಮ ಆಳುಗಳಿಗೆ ಹೇಳಬೇಡಿ. ಟ್ಯಾಂಕ್ ತುಂಬಿದ್ರೆ ಸಕ್ಕಿಂಗ್ ಗಾಡಿ ಕರೆಸಿ. ಮನುಷ್ಯರನ್ನ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ.

ಮೇಲಿನ ತೋಟದ ಅಣ್ಣ, ಬೇಜಾರಾಗಬೇಡಿ. ನಿಮ್ಮ ಸಂಪಾದನೆಗೆ ನನ್ನ ಅಡ್ಡಿಯಿಲ್ಲ. ಆದ್ರೆ ನಿಮ್ಮ ಹಳ್ಳದ ತುದಿಯಲ್ಲಿ ನನ್ನ ಪಂಪಿದೆ, ನನ್ನ ಪಂಪಿನ ಕೆಳಗೆ ಲೈನ್‌ಮನೆ ಮಕ್ಕಳಿದ್ದಾರೆ. ಡಬ್ಬಕ್ಕೆ ದಾರಿ ಇಲ್ದಿದ್ರೆ ಗಾಡಿಗೂ ಜಾಗ ಬೇಡ.