ಸಿ ಡ್ರೈವು, ಡಿ ಡ್ರೈವು ಮತ್ತು ಅಜ್ಜಿಯ ಸೋಬಾನೆ ಪದಗಳು

ಇಲ್ಲಿ ಬರೆಯದೆ ತುಂಬಾ ದಿನ ಆಯ್ತು. ಆಫೀಸು, ಕೆಲಸ, ಟೈಮಿಲ್ಲ ಅಂತೆಲ್ಲ ಹೇಳಿದರೆ ನೀವೂ ನಂಬಲ್ಲ, ನಾನೂ ನಂಬಲ್ಲ. ಸೋಮಾರಿತನ ಅಷ್ಟೆ. ಆದರೆ ಮೊನ್ನೆ ಊರಿಗೆ ಹೋದಾಗ ನಡೆದದ್ದನ್ನು ಬರೆಯದೆ ಇರಕ್ಕಾಗ್ತಿಲ್ಲ. ಸ್ವಲ್ಪ ಟೆಕ್ನಿಕಲ್ ಇದೆ, ಓಡಿಹೋಗಬೇಡಿ. ನೀವು ಕನ್ನಡದಲ್ಲಿ ಬರೆಯುವವರಾದರೆ ಇದು ನಿಮಗೂ ಬೇಕಾದ ವಿಷಯವೇ.

ನಮ್ಮ ಮನೆ ಟಿ. ನರಸೀಪುರ. ಸೋದರಮಾವ ಇರೋದು ನಂಜನಗೂಡಿನಲ್ಲಿ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ರಿಟೈರ್ ಆದವರು. ನಮ್ಮಜ್ಜಿಗೆ ನೂರಾರು ಸೋಬಾನೆ ಪದ, ರಾಗಿ ಬೀಸೋ ಪದ ಬಾಯಿಗೇ ಬರುತ್ತಿದ್ದವು. ಮಾವ ಅವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ನುಡಿಯಲ್ಲಿ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕಂಪ್ಯೂಟರಿಗೆ ಹಾಕುತ್ತಿದ್ದರು. ವರ್ಷಗಟ್ಟಲೆ ನಡೆದ ಕೆಲಸ. ಕಂಪ್ಯೂಟರಿನಲ್ಲಿದೆಯಲ್ಲ ಅನ್ನೋ ಧೈರ್ಯದಲ್ಲಿ ನೋಟ್‌ಬುಕ್ಕುಗಳನ್ನು ಅಟ್ಟಕ್ಕೆ ಹಾಕಿದರು, ಗೆದ್ದಲು ತಿಂದಿತು. ಅಜ್ಜಿ ತೀರಿಕೊಂಡು ನಾಲ್ಕು ವರ್ಷ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಬೆಂಬಲ ಮುಗಿಯಿತಲ್ಲ, ಅದಾದ ಮೇಲೆ ಮಾವ ಕಂಪ್ಯೂಟರನ್ನು ಒಂದು ಅಂಗಡಿಗೆ ತಗೊಂಡು ಹೋದರು. ಹುಡುಗ ಕೇಳಿದನಂತೆ, "ಸಾರ್, ಡೇಟಾ ಏನಾದ್ರೂ ಇದ್ಯಾ? ಸಿ ಡ್ರೈವ್ ಫಾರ್ಮ್ಯಾಟ್ ಆಗುತ್ತೆ." ಮಾವ ಹೇಳಿದ್ದು, "ಎಲ್ಲಾ ಡಿ ಡ್ರೈವಲ್ಲಿದೆ ಕಣಪ್ಪಾ, ನೀನು ಮಾಡು."

ಎಲ್ಲಾ ಡಿ ಡ್ರೈವಿನಲ್ಲಿ ಇರಲಿಲ್ಲ. ಹಳೇ ಫೈಲುಗಳು ಮಾತ್ರ ಅಲ್ಲಿದ್ದವು. ಆಮೇಲಿನ ಐದಾರು ವರ್ಷದ ಕೆಲಸ ಇದ್ದದ್ದು ಡೆಸ್ಕ್‌ಟಾಪಿನ ಮೇಲೆ, "ಅಮ್ಮ" ಅನ್ನೋ ಹೆಸರಿನ ಫೋಲ್ಡರಿನಲ್ಲಿ. ಡೆಸ್ಕ್‌ಟಾಪ್ ಅನ್ನೋದು ಕಣ್ಣಿಗೆ ಕಾಣೋ ಪರದೆ ಅಷ್ಟೆ, ಅದರ ಮೇಲಿಟ್ಟದ್ದು ನಿಜವಾಗಿ ಕೂತಿರೋದು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನ ಒಳಗೆ ಅಂತ ಅವರಿಗೆ ಯಾರು ಹೇಳಿದ್ದರು? ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಕಥೆಯೂ ಅದೇ. ಹುಡುಗ ಕೇಳಿದ್ದೂ ಸರಿ, ಮಾವ ತಮಗೆ ಗೊತ್ತಿದ್ದಷ್ಟು ಹೇಳಿದ್ದೂ ಸರಿ. ಆದರೂ ಪದಗಳು ಹೋದವು.

"ಎಲ್ಲಾ ಹೋಯ್ತು ಕಣೋ" ಅಂತ ಮಾವ ಫೋನ್ ಮಾಡಿದಾಗ ನಾನು ಹೇಳಿದ್ದು ಒಂದೇ: "ಮಾವ, ಕಂಪ್ಯೂಟರ್ ಆಫ್ ಮಾಡಿಬಿಡಿ, ಮತ್ತೆ ಆನ್ ಮಾಡಬೇಡಿ." ಸಾಮಾನ್ಯವಾಗಿ ಮಾಡುವ ಕ್ವಿಕ್ ಫಾರ್ಮ್ಯಾಟಿನಲ್ಲಿ ಫೈಲುಗಳು ತಕ್ಷಣ ಅಳಿಸಿಹೋಗಲ್ಲ, ಯಾವುದು ಎಲ್ಲಿದೆ ಅನ್ನೋ ಪಟ್ಟಿ ಹೋಗುತ್ತೆ. ಆದರೆ ಆ ಜಾಗದ ಮೇಲೆ ಹೊಸದು ಬರೆದಷ್ಟೂ ಹಳೆಯದು ಅಳಿಯುತ್ತೆ. ವಿಂಡೋಸ್ 11 ಆಗಲೇ ಬಂದು ಕೂತಿತ್ತು. ಶನಿವಾರ ಹೋಗಿ ಡಿಸ್ಕ್ ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಹಾಕಿ, ಫೋಟೋರೆಕ್ ಅನ್ನೋ ಉಚಿತ ತಂತ್ರಾಂಶ ರಾತ್ರಿಯೆಲ್ಲ ಓಡಿಸಿದೆ. ಸುಮಾರು ಅರ್ಧದಷ್ಟು ಸಿಕ್ಕಿತು. ಅದು ಫೈಲಿನ ಹೆಸರು ವಾಪಸ್ ಕೊಡಲ್ಲ, ಹೆಸರಿನ ಜಾಗದಲ್ಲಿ ಬರೀ ನಂಬರು. ಅದು ಹಳೇ ಕಾಲದ ತಿರುಗೋ ಹಾರ್ಡ್ ಡಿಸ್ಕ್ ಆಗಿದ್ದಕ್ಕೆ ಇಷ್ಟಾದರೂ ಸಿಕ್ಕಿದ್ದು. ಈಗಿನ ಎಸ್ಎಸ್‌ಡಿ ಆಗಿದ್ದರೆ, ಖಾಲಿಯಾದ ಜಾಗವನ್ನು ಅದೇ ಒಳಗಿಂದೊಳಗೆ ಗುಡಿಸಿಬಿಡುತ್ತೆ, ಹೆಚ್ಚುಕಡಿಮೆ ಏನೂ ಸಿಗುತ್ತಿರಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಪಾರ್ಟಿಶನ್ ಮಾಡಬೇಕಾ ಬೇಡವಾ?

ನಮ್ಮಲ್ಲಿ ಸಿ, ಡಿ, ಇ, ಎಫ್ ಅಂತ ನಾಲ್ಕು ಭಾಗ ಮಾಡೋ ಅಭ್ಯಾಸ ಹಳೆಯದು. ಎ ಮತ್ತು ಬಿ ಫ್ಲಾಪಿಗೆ ಮೀಸಲಾಗಿದ್ದರಿಂದ ಹಾರ್ಡ್ ಡಿಸ್ಕಿಗೆ ಸಿ ಬಂತು. ಡಾಸ್ ಮತ್ತು ಮೊದಲ ವಿಂಡೋಸ್ 95ರ ಕಾಲದಲ್ಲಿ ಒಂದು ಪಾರ್ಟಿಶನ್ 2 ಜಿಬಿ ಮೀರುವಂತಿರಲಿಲ್ಲ. 1996ರಲ್ಲಿ ವಿಂಡೋಸ್ 95ರ ಸುಧಾರಿತ ಆವೃತ್ತಿಯ ಜೊತೆ ಫ್ಯಾಟ್32 ಬಂದ ಮೇಲೆ ಆ ಕಟ್ಟು ಸಡಿಲವಾಯ್ತು. ಕಾರಣ ಹೋಯಿತು, ಅಭ್ಯಾಸ ಉಳಿಯಿತು. ಅದರ ಜೊತೆಗೇ ಇನ್ನೊಂದು ನಂಬಿಕೆಯೂ ಉಳಿಯಿತು: "ವಿಂಡೋಸ್ ಸಿ ನಲ್ಲಿರಲಿ, ಪ್ರೋಗ್ರಾಮುಗಳನ್ನು ಡಿ ನಲ್ಲಿ ಹಾಕೋಣ, ಸಿ ಹಗುರ ಇರುತ್ತೆ."

ನನ್ನ ಪ್ರಕಾರ ಗೋಡೆ ಎದ್ದಿರೋದು ತಪ್ಪು ಜಾಗದಲ್ಲಿ. ಪ್ರೋಗ್ರಾಮನ್ನು ಡಿ ನಲ್ಲಿ ಹಾಕಿದರೂ ಅದರ ಲೆಕ್ಕಪತ್ರವೆಲ್ಲ ಸಿ ನಲ್ಲಿರೋ ರಿಜಿಸ್ಟ್ರಿಯಲ್ಲಿ, ಸೆಟ್ಟಿಂಗುಗಳು ಸಿ ನಲ್ಲಿರೋ ನಿಮ್ಮ ಯೂಸರ್ ಫೋಲ್ಡರಿನಲ್ಲಿ. ಸಿ ಫಾರ್ಮ್ಯಾಟ್ ಆದರೆ ಡಿ ನಲ್ಲಿರೋ ಬಹುಪಾಲು ಪ್ರೋಗ್ರಾಮುಗಳನ್ನು ಮತ್ತೆ ಇನ್‌ಸ್ಟಾಲ್ ಮಾಡಲೇಬೇಕು. ನಮ್ಮೂರಲ್ಲಿ ಕಪಿಲೆ ಕಾವೇರಿಗೆ ಸೇರುತ್ತಾಳೆ. ಸಂಗಮ ದಾಟಿದ ಮೇಲೆ ಇದು ನಂಜನಗೂಡಿನಿಂದ ಬಂದ ನೀರು ಅಂತ ಬಿಂದಿಗೆಯಲ್ಲಿ ಬೇರೆ ಮಾಡಕ್ಕಾಗುತ್ತಾ? ವಿಂಡೋಸು ಮತ್ತು ಅದರ ಪ್ರೋಗ್ರಾಮುಗಳೂ ಹಾಗೇ. ಅವೆರಡೂ ಸಿ ನಲ್ಲೇ ಇರಲಿ. ಹೋದರೆ ಹೋಗಲಿ, ಮತ್ತೆ ಸಿಗುತ್ತವೆ. ಗೋಡೆ ಬೇಕಾದದ್ದು ಮತ್ತೆ ಸಿಗೋದಕ್ಕೂ ಮತ್ತೆ ಸಿಗದೇ ಇರೋದಕ್ಕೂ ಮಧ್ಯೆ. ಲಿನಕ್ಸ್ ಬಳಸುವವರಲ್ಲಿ ಎಷ್ಟೋ ಜನ ಹೋಮ್ ಅನ್ನೋದನ್ನು ಬೇರೆ ಪಾರ್ಟಿಶನ್ನಿನಲ್ಲಿ ಇಡೋದು ಇದಕ್ಕೇ.

ಆಫೀಸಿನ ಗೆಳೆಯನೊಬ್ಬ ನಗುತ್ತಾನೆ, "ಎಸ್ಎಸ್‌ಡಿ ಕಾಲದಲ್ಲಿ ಪಾರ್ಟಿಶನ್ ಯಾಕೋ?" ವೇಗದ ಲೆಕ್ಕದಲ್ಲಿ ಅವನು ಹೇಳೋದು ಸರಿ. ಎಸ್ಎಸ್‌ಡಿಯಲ್ಲಿ ಪಾರ್ಟಿಶನ್ ಅನ್ನೋದು ಕಾಗದದ ಮೇಲಿನ ಗೆರೆ ಇದ್ದ ಹಾಗೆ, ಒಳಗೆ ಡೇಟಾ ಎಲ್ಲಾ ಚಿಪ್ಪುಗಳಿಗೂ ಹರಡಿರುತ್ತೆ. ಸಿ ತುಂಬಿ ತುಳುಕುವಾಗ ಡಿ ಖಾಲಿ ಬಿದ್ದಿರೋ ತೊಂದರೆಯೂ ನಿಜ. ವಿಂಡೋಸಿನಲ್ಲಿ ಫೈಲುಗಳನ್ನು ಉಳಿಸಿಕೊಂಡೇ ರೀಸೆಟ್ ಮಾಡೋ ಸೌಲಭ್ಯವೂ ಇದೆ. ಆದರೆ ನಮ್ಮ ಊರುಗಳಲ್ಲಿ ಏನೇ ತೊಂದರೆ ಬಂದರೂ ಮೊದಲ ಮದ್ದು "ಫಾರ್ಮ್ಯಾಟ್ ಹೊಡೆಸಿ ಸಾರ್" ಅಲ್ಲವಾ? ಅಂಥ ಕಡೆ ಆ ಗೆರೆಗೆ ಬೆಲೆ ಇದೆ.

ಮಾವನ ಕಂಪ್ಯೂಟರಿಗೆ ನಾನು ಮಾಡಿದ್ದು ಇಷ್ಟು. ಎರಡೇ ಭಾಗ. ಸಿ ಗೆ 200 ಜಿಬಿ, ಉಳಿದದ್ದು ಡಿ ಗೆ. (ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಅಂತ ಮೈಕ್ರೋಸಾಫ್ಟ್ ಹೇಳುತ್ತೆ, ಅದನ್ನು ನಂಬಿಕೊಂಡು ಸಿ ಚಿಕ್ಕದು ಮಾಡಬೇಡಿ, ಅಪ್‌ಡೇಟುಗಳು ತಿಂದುಹಾಕುತ್ತವೆ.) ಆಮೇಲೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳ ಪ್ರಾಪರ್ಟೀಸಿಗೆ ಹೋಗಿ, ಲೊಕೇಶನ್ ಅನ್ನೋ ಕಡೆ ಎರಡನ್ನೂ ಡಿ ಗೆ ಮೂವ್ ಮಾಡಿದೆ. ಈಗ ಮಾವ ಅಭ್ಯಾಸಬಲದಿಂದ ಡೆಸ್ಕ್‌ಟಾಪಿನಲ್ಲೇ ಸೇವ್ ಮಾಡಿದರೂ ಅದು ಹೋಗಿ ಕೂರೋದು ಡಿ ನಲ್ಲಿ. ಎಪ್ಪತ್ತರ ಹತ್ತಿರದವರಿಗೆ ಅಭ್ಯಾಸ ಬದಲಿಸಿ ಅನ್ನೋದಕ್ಕಿಂತ ಇದು ವಾಸಿ. ಡಿ ಗೆ ಒಂದು ಹೆಸರನ್ನೂ ಕೊಟ್ಟೆ, ಯಾಕಂದರೆ ವಿಂಡೋಸ್ ಹಾಕುವ ಪರದೆಯಲ್ಲಿ ಸಿ, ಡಿ ಅಂತ ತೋರಿಸಲ್ಲ, ಪಾರ್ಟಿಶನ್ 1, 2, 3 ಅಂತ ಬರುತ್ತೆ. ತಪ್ಪು ಸಾಲಿನ ಮೇಲೆ ಡಿಲೀಟ್ ಒತ್ತಿದರೆ ಗೋಡೆಯೂ ಇಲ್ಲ, ಮನೆಯೂ ಇಲ್ಲ.

ಕೊನೆಯದಾಗಿ ಮುಖ್ಯವಾದ ಎರಡು ಮಾತು. ಒಂದು, ಪಾರ್ಟಿಶನ್ ಬ್ಯಾಕಪ್ ಅಲ್ಲ. ಡಿಸ್ಕೇ ಕೆಟ್ಟರೆ ಸಿ ಡಿ ಎರಡೂ ಒಟ್ಟಿಗೇ ಹೋಗುತ್ತವೆ. ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಒಂದು ಪ್ರತಿ ಇರಲೇಬೇಕು. ಮಾವನದ್ದು ಈಗ ನರಸೀಪುರದ ನಮ್ಮ ಮನೆಯ ಬೀರುವಿನಲ್ಲಿದೆ.

ಎರಡನೆಯದು ಕನ್ನಡದವರಿಗೆ. ಡಿ ನಲ್ಲಿ ಉಳಿದಿದ್ದ ಹಳೇ ಫೈಲು ತೆಗೆದು ನೋಡಿ ಮಾವ ಇನ್ನೊಂದು ಸಲ ಗಾಬರಿಯಾದರು. ಪೂರ್ತಿ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕಿ, ಕೊಂಬು. ಹಳೇ ನುಡಿ ಫಾಂಟು ಸಿ ಜೊತೆಗೇ ಹೋಗಿತ್ತು ನೋಡಿ! ಪಠ್ಯ ಡಿ ನಲ್ಲಿದ್ದರೂ ಅದರ ಕನ್ನಡತನ ಮಾತ್ರ ಸಿ ನಲ್ಲಿತ್ತು. ಫಾಂಟ್ ಹಾಕಿದ ಮೇಲೆ ಸರಿಹೋಯ್ತು ಅನ್ನಿ. ಆದರೆ ಒಂದು ಪ್ರೋಗ್ರಾಮನ್ನೇ ನೆಚ್ಚಿಕೊಂಡ ಬರಹವನ್ನು ಯಾವ ಪಾರ್ಟಿಶನ್ನೂ ಪೂರ್ತಿ ಕಾಯಲ್ಲ. ಯೂನಿಕೋಡ್ ಆಗಿದ್ದರೆ ಯಾವ ಹೊಸ ವಿಂಡೋಸಿನಲ್ಲೂ, ಮೊಬೈಲಿನಲ್ಲೂ ಹಾಗೇ ತೆರೆದುಕೊಳ್ಳುತ್ತಿತ್ತು. ಹಳೇ ನುಡಿ, ಬರಹ ಫೈಲುಗಳು ನಿಮ್ಮ ಹತ್ತಿರ ಇದ್ದರೆ ಈಗಲೇ ಪರಿವರ್ತಿಸಿ ಇಟ್ಟುಕೊಳ್ಳಿ. ಉಚಿತ ಪರಿವರ್ತಕಗಳಿವೆ.

ಸಿಗದ ಪದಗಳನ್ನು ಮಾವ ಈಗ ನೆನಪಿನಿಂದ ಬರೆಯುತ್ತಿದ್ದಾರೆ. ಅಮ್ಮ ಇಲ್ಲಿಂದ ಫೋನಿನಲ್ಲಿ ಹಾಡಿ ತೋರಿಸುತ್ತಾಳೆ. ಎಷ್ಟೋ ಕಡೆ ಇಬ್ಬರಿಗೂ ಮುಂದಿನ ಸಾಲು ನೆನಪಾಗಲ್ಲ.

ನಿಮ್ಮ ಮನೆಯ ಕಂಪ್ಯೂಟರಿನ ಡೆಸ್ಕ್‌ಟಾಪಿನ ಮೇಲೆ ಏನೇನಿದೆ? ಇವತ್ತೇ ಒಂದು ಸಲ ನೋಡಿಬಿಡಿ.