ಬೇಡವಾದ ನೆರೆಯವರು

ನೆರೆಮನೆಯವರನ್ನು ಊರು ಬಿಡಿಸುವ ಚಪಲ ಹೊಸದೇನೂ ಅಲ್ಲ. ಅದೀಗ ಆಟಕ್ಕೂ ಇಳಿದಿದೆ. ಜಪಾನಿನ ನಿಂಟೆಂಡೊ ಸಂಸ್ಥೆ 2020ರ ಮಾರ್ಚಿಯಲ್ಲಿ ಹೊರತಂದ ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ಎಂಬ ಆಟದಲ್ಲಿ ಆಡುವವನಿಗೊಂದು ದ್ವೀಪ, ಬೆಕ್ಕು, ಕಪ್ಪೆ, ಕರಡಿಗಳೇ ಅಲ್ಲಿಯ ಒಕ್ಕಲು. ಬರಬಲ್ಲವರು ನಾನೂರಕ್ಕೂ ಮಿಕ್ಕಿ, ಇರುವುದು ಹತ್ತೇ ಮನೆ. ಚೆಲುವಾದ ಬೆಕ್ಕೊಂದು ಬರಬೇಕಾದರೆ ಮೋರೆ ಸೊಗಸದ ಕಪ್ಪೆರಾಯ ಹೊರಡಲೇಬೇಕು!

ಹೊರಡಿಸುವ ಬಗೆ? ಕೆಲವರು ಚಿಟ್ಟೆ ಹಿಡಿಯುವ ಬಲೆಯಿಂದ ಬಡಿಯುತ್ತಾರೆ, ಮನೆಯ ಸುತ್ತ ಗುಂಡಿ ತೋಡುತ್ತಾರೆ, ಕಚೇರಿಯಲ್ಲಿ ಕುಳಿತ ಇಸಬೆಲ್ ಎಂಬ ನಾಯಿಯಮ್ಮನಿಗೆ ದೂರು ಸಲ್ಲಿಸುತ್ತಾರೆ. ಎಲ್ಲವೂ ವ್ಯರ್ಥ. ದೂರಿನಿಂದ ಬದಲಾಗುವುದು ಆ ಪ್ರಾಣಿಯ ಉಡುಪು, ಮಾತಿನ ರೂಢಿ, ಅಷ್ಟೆ. ಫಲಿಸುವುದು ಕಾಯುವಿಕೆ. ಅದರ ತಲೆಯ ಮೇಲೆ ಚಿಂತೆಯ ಗುಳ್ಳೆ ಮೂಡಿದ ದಿನ ಮಾತನಾಡಿಸಿದರೆ, ಬೇರೆಡೆಗೆ ಹೋಗಲೇ ಎಂದು ಅದೇ ಕೇಳುವುದುಂಟು. ಒಪ್ಪಿದರೆ ಮರುದಿನ ಗಂಟುಮೂಟೆ; ಅದರ ಮರುದಿನ ನಿವೇಶನ ಖಾಲಿ. ತಾಳ್ಮೆಯಿಲ್ಲದವರು ಅಮೀಬೊ ಎಂಬ ಚೀಟಿಯನ್ನು ಕೊಂಡು, ಬೇಕಾದ ಅತಿಥಿಯನ್ನು ಮೂರು ದಿನ ಬಿಡಾರಕ್ಕೆ ಕರೆದು ಉಪಚರಿಸಿ, ಯಾರ ಮನೆ ತೆರವಾಗಬೇಕೆಂದು ತಾವೇ ಬೆರಳು ತೋರಬಹುದು. ದುಡ್ಡಿಗೆ ಅಲ್ಲಿಯೂ ಅಷ್ಟು ಬಲ.

ಆಟದ ಮೂಲಪುರುಷರಾದ ಕಾತ್ಸುಯಾ ಎಗುಚಿ ಉದ್ಯೋಗಕ್ಕಾಗಿ ಚಿಬಾ ಪ್ರಾಂತವನ್ನು ಬಿಟ್ಟು ಕ್ಯೋಟೋ ನಗರಕ್ಕೆ ಬಂದವರು. ಮನೆಯವರೂ ಗೆಳೆಯರೂ ಬಳಿಯಿಲ್ಲದ ಆ ಒಂಟಿತನವೇ 2001ರ ಮೊದಲ ಆಟಕ್ಕೆ ಪ್ರೇರಣೆಯೆಂದು ಅವರೇ ಹೇಳಿದ್ದಾರೆ. ನೆರೆಹೊರೆಗಾಗಿ ಹಂಬಲಿಸಿ ಕಟ್ಟಿದ ಊರು ಅದು.

ಕಪ್ಪೆರಾಯನಿಗಾದರೋ ಸಿಟ್ಟಿಲ್ಲ. ಹೊರಡುವ ದಿನ ಅವನ ಮನೆಗೆ ಹೋದರೆ, ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ನಿಂತು, ತನ್ನನ್ನು ಕಳುಹಿಸಿದವನಿಗೇ ಸ್ನೇಹದಿಂದ ವಿದಾಯ ಹೇಳುತ್ತಾನೆ.