ಒಂದು ಕೈ ಮಗುವಿಗೆ, ಒಂದು ಕೈ ಗಂಟಿಗೆ

ಮಳೆಗಾಲ ಶುರುವಾದ ಮೇಲೆ ಐದನೇ ತರಗತಿಯ ಮಕ್ಕಳಿಗೆ ಒಂದು ಪ್ರಬಂಧ ಬರೆಸಿದೆ. 'ಮಳೆಗಾಲ' ಅಂತ ವಿಷಯ ಕೊಟ್ಟರೆ ಕಪ್ಪೆ, ಕೊಡೆ, ಕಾಮನಬಿಲ್ಲು ಅಂತ ಬರೆದು ಐದು ನಿಮಿಷದಲ್ಲಿ ಮುಗಿಸುತ್ತಾರೆ. ಹಾಗಾಗಿ ಈ ಸಲ ಪ್ರಶ್ನೆ ಬದಲಾಯಿಸಿದೆ. "ಹೊಳೆ ನೀರು ಊರೊಳಗೆ ಬರ್ತಾ ಇದೆ. ಹತ್ತು ನಿಮಿಷದಲ್ಲಿ ಮನೆ ಬಿಡಬೇಕು. ಏನೇನು ತಗೊಂಡು ಹೋಗ್ತೀರಿ?"

ಉತ್ತರಗಳು ಮಜವಾಗಿದ್ದವು. ಒಬ್ಬ ಕೋಳಿ ಅಂದ. ಇನ್ನೊಬ್ಬ ಮೇಕೆಮರಿ. ಒಬ್ಬಳು ಹೊಸ ಲಂಗ. ಮೇಷ್ಟ್ರು ಮೆಚ್ಚಲಿ ಅಂತ ಇಬ್ಬರು 'ಪಾಠದ ಪುಸ್ತಕ' ಅಂತ ಬರೆದಿದ್ದರು! ಆದರೆ ಒಬ್ಬ ಹುಡುಗಿಯ ಉತ್ತರ ಓದಿ ನನ್ನ ನಗು ನಿಂತುಹೋಯಿತು. "ನಮ್ಮವ್ವ ಬಂಗಾರ ಹುಡುಕೋವರೆಗೂ ನಾನು ತಮ್ಮನ್ನ ಎತ್ತಿಕೊಂಡು ಬಾಗಿಲಲ್ಲಿ ನಿಂತಿರ್ತೀನಿ."

ಇದು ಕಲ್ಪನೆ ಮಾಡಿ ಬರೆದದ್ದಲ್ಲ, ಆ ಮಗು ಕಂಡದ್ದು. ಯಾವಾಗ ಕಂಡಿತು ಅಂತ ನನಗೆ ಗೊತ್ತು.

ನಮ್ಮ ಊರು ಇರುವುದು ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ, ತುಂಗಭದ್ರೆಯ ಈ ದಡದಲ್ಲಿ. ಆ ದಡ ರಾಯಚೂರು ಜಿಲ್ಲೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ಹರಿದು ಕೊಚ್ಚಿಹೋಯಿತು. ಕೌತಾಳಂ, ಕೋಸಿಗಿ, ಮಂತ್ರಾಲಯ, ನಂದವರಂ ಮಂಡಲಗಳ ಹೊಳೆ ದಡದವರು ಎಚ್ಚರವಾಗಿರಬೇಕು ಅಂತ ಸೂಚನೆ ಬಂತು. ಅಣೆಕಟ್ಟು ನಮ್ಮಿಂದ ಬಹಳ ದೂರ, ನೀರು ಇಲ್ಲಿಗೆ ಬರಲು ಹೊತ್ತು ಬೇಕು. ಆದರೂ ಆ ದಿನ ನಮ್ಮೂರಿನ ಯಾವ ಮನೆಗೆ ಹೋದರೂ ಬೀರು ತೆರೆದಿತ್ತು. ಸೀರೆಗಳ ಮಡಿಕೆ, ಅಕ್ಕಿ ಡಬ್ಬಿ, ದೇವರ ಫೋಟೋದ ಹಿಂದೆ, ಜೋಳದ ಚೀಲದ ಅಡಿ... ಎಲ್ಲ ಕಡೆ ಕೈ ಹಾಕಿ ಹುಡುಕುತ್ತಿದ್ದರು. ಕಳ್ಳರಿಗೆ ಸಿಗಬಾರದು ಅಂತ ಬಚ್ಚಿಟ್ಟದ್ದು ತಮಗೇ ಸಿಗುತ್ತಿರಲಿಲ್ಲ. ಕೊನೆಗೆ ಊರಿಗೆ ನೀರು ಬರಲಿಲ್ಲ. ಒಂದು ವಾರದೊಳಗೆ ತಾತ್ಕಾಲಿಕ ಗೇಟನ್ನೂ ಕೂರಿಸಿದರು. ಬೀರುಗಳ ಬಾಗಿಲು ಮತ್ತೆ ಮುಚ್ಚಿದವು. ಎಲ್ಲರೂ ಮರೆತರು. ಮರೆಯದೇ ಇದ್ದದ್ದು ಬಾಗಿಲಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತಿದ್ದ ಆ ಹುಡುಗಿ.

ಈಗ ನನ್ನ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕು.

2009ರ ಅಕ್ಟೋಬರ್ 2. ದಸರಾ ಮುಗಿದು ನಾಲ್ಕು ದಿನ, ಗಾಂಧಿ ಜಯಂತಿ. ಅದಕ್ಕೂ ಹಿಂದಿನ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲೂ ನಮ್ಮಲ್ಲೂ ಸುರಿದ ಮಳೆಯನ್ನು ನಮ್ಮ ಹಿರಿಯರೂ ಕಂಡಿರಲಿಲ್ಲ. ಮಂತ್ರಾಲಯದಲ್ಲಿ ರಾಯರ ಮಠದೊಳಗೇ ಹೊಳೆ ನುಗ್ಗಿತು. ಕರ್ನೂಲು ಪಟ್ಟಣ ಮುಳುಗಿತು. ಶ್ರೀಶೈಲಂ ಜಲಾಶಯದ ಪೂರ್ಣ ಮಟ್ಟ 885 ಅಡಿ, ಅಂದು ಅಲ್ಲಿ ನೀರು 896 ಅಡಿ ದಾಟಿತು ಅಂದರೆ ನೀವೇ ಲೆಕ್ಕ ಹಾಕಿ.

ನಾನಾಗ ಮೂವತ್ತರ ಒಳಗಿನವನು. ಬಾಡಿಗೆ ಮನೆ, ಹೊಸ ಕೆಲಸದ ಹುಮ್ಮಸ್ಸು. ನಮ್ಮ ಶಾಲೆ ದಿಬ್ಬದ ಮೇಲಿರುವುದರಿಂದ ಜನರನ್ನೆಲ್ಲ ಅಲ್ಲಿಗೇ ಕರೆತರುತ್ತಿದ್ದೆವು. ಕೆಳಗೇರಿಯ ಒಬ್ಬ ಹೆಣ್ಣುಮಗಳು ಇಬ್ಬರು ಮಕ್ಕಳನ್ನು ಕಟ್ಟೆಯ ಮೇಲೆ ನಿಲ್ಲಿಸಿ ಮತ್ತೆ ಮನೆಯೊಳಗೆ ಹೋದಳು. ನೀರು ಮೊಣಕಾಲಿಗೆ ಬಂದಿತ್ತು. ಎಷ್ಟು ಕೂಗಿದರೂ ಬರಲಿಲ್ಲ. ಕೊನೆಗೆ ಒಂದು ಕರವಸ್ತ್ರದ ಗಂಟು ಹಿಡಿದು ಬಂದಾಗ ನಾನು ಎಲ್ಲರ ಎದುರಿಗೆ, "ಬಂಗಾರದ ಆಸೆಗೆ ಮಕ್ಕಳನ್ನ ಕೊಲ್ತೀಯೇನಮ್ಮಾ? ಜೀವ ದೊಡ್ಡದೋ ಬಂಗಾರ ದೊಡ್ಡದೋ?" ಅಂತ ಬೈದೆ. ಅವಳು ತಲೆ ತಗ್ಗಿಸಿದಳು. ಮಾತಾಡಲಿಲ್ಲ.

ಹದಿನೈದು ದಿನದ ಮೇಲೆ ಎಮ್ಮಿಗನೂರಿನಲ್ಲಿ ಗಿರವಿ ಅಂಗಡಿಯ ಮುಂದೆ ಆಕೆ ಸಿಕ್ಕಳು. ನನ್ನನ್ನು ನೋಡಿ ತಾನೇ ಹತ್ತಿರ ಬಂದು ಹೇಳಿದಳು. "ಸರ, ಅವತ್ತು ಬೈದ್ರಿ. ಇವೆರಡು ಬಳಿ ಇಲ್ದಿದ್ರ ಇವತ್ತು ನಮ್ಮ ಮನ್ಯಾಗ ಒಲಿ ಹತ್ತತಿದ್ದಿಲ್ರಿ." ಗೋಡೆ ಬಿದ್ದಿತ್ತು, ಜೋಳ ಕೊಳೆತಿತ್ತು, ಗಂಡನಿಗೆ ಕೂಲಿ ಇರಲಿಲ್ಲ. ಪರಿಹಾರ ಬರುವ ತನಕ ಆ ಮನೆಯನ್ನು ನಡೆಸಿದ್ದು ಆ ಕರವಸ್ತ್ರದ ಗಂಟು.

ಅವತ್ತು ಬುದ್ಧಿ ಹೇಳಿದ ಮೇಷ್ಟ್ರು ಏನು ಉಳಿಸಿಕೊಂಡರು ಗೊತ್ತೇ? ಟಿವಿ! ಕಂತಿನಲ್ಲಿ ತಂದ ಹೊಸ ಕಲರ್ ಟಿವಿಯನ್ನು ಅಟ್ಟದ ಮೇಲೆ ಏರಿಸಿ ಬಂದಿದ್ದೆ. ಮಂಚದ ಕೆಳಗಿನ ಟ್ರಂಕಿನಲ್ಲಿ ನನ್ನ ಎಸ್ಸೆಸ್ಸೆಲ್ಸಿ, ಟಿ.ಸಿ.ಹೆಚ್., ಬಿ.ಎ. ಅಂಕಪಟ್ಟಿಗಳು ಮೂರು ದಿನ ಕೆಸರಿನಲ್ಲಿ ನೆನೆದವು. ಟ್ರಂಕು ತೆರೆದಾಗ ಅಂಬಲಿ ಆಗಿತ್ತು. ಓದಿದ್ದು ಆ ರಾಜ್ಯದಲ್ಲಿ, ಕೆಲಸ ಈ ರಾಜ್ಯದಲ್ಲಿ. ಪೊಲೀಸ್ ದೂರು, ಅಫಿಡವಿಟ್, ಅರ್ಜಿ, ಮತ್ತೆ ಅರ್ಜಿ... ನಕಲು ಪ್ರತಿ ಕೈಗೆ ಬರುವಷ್ಟರಲ್ಲಿ ಮುಂದಿನ ಮಳೆಗಾಲ ಬಂದಿತ್ತು. ಆ ಹೆಣ್ಣುಮಗಳಿಗೆ ತನ್ನ ಮನೆಯಲ್ಲಿ ಯಾವುದು ಆಸ್ತಿ ಅನ್ನುವುದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಅದಕ್ಕೇ ಹೇಳುವುದು, "ಜೀವಕ್ಕಿಂತ ಬಂಗಾರ ದೊಡ್ಡದಲ್ಲ" ಅನ್ನುವುದು ತಿಂಗಳ ಸಂಬಳದವರು ಹೇಳುವ ಸುಲಭದ ಮಾತು. ನಮ್ಮ ಕಡೆ ಹೊಲದ ಪಟ್ಟಾ ಪುಸ್ತಕ ಸಾಮಾನ್ಯವಾಗಿ ಗಂಡನ ಹೆಸರಿಗೋ ಮಾವನ ಹೆಸರಿಗೋ ಇರುತ್ತದೆ. ಮನೆಯೂ ಹಾಗೇ. ಹೆಣ್ಣಿನದು ಅಂತ ಇರುವುದು ತವರಿನಿಂದ ತಂದ ನಾಲ್ಕು ಒಡವೆ ಮಾತ್ರ. ಕಾಯಿಲೆಗೆ, ಬೀಜ-ಗೊಬ್ಬರಕ್ಕೆ, ಮಕ್ಕಳ ಫೀಸಿಗೆ ಒಂದು ಗಂಟೆಯಲ್ಲಿ ದುಡ್ಡಾಗುವ ವಸ್ತು ಅದೊಂದೇ. ಅದನ್ನು ಬಿಟ್ಟು ಬಾ ಅಂದರೆ ಅವಳು ಬರುವುದಿಲ್ಲ. ಬರಬೇಕು ಅಂದರೆ ಅದನ್ನು ತರುವ ದಾರಿ ಸುಲಭವಾಗಬೇಕು.

ಹಾಗಂತ ಬಾಗಿಲಲ್ಲಿ ನಿಂತ ಆ ಹುಡುಗಿಯನ್ನೂ ಮರೆಯುವ ಹಾಗಿಲ್ಲ. ಹೊಳೆ ಯಾರಿಗೂ ಕಾಯುವುದಿಲ್ಲ.

ಇವೆರಡರ ನಡುವೆ ದಾರಿ ಇದೆ. ಆ ಮಗುವೇ ಅದನ್ನು ಬರೆದಿದ್ದಾಳೆ. 'ಹುಡುಕೋವರೆಗೂ' ಅಂದಳು, 'ಹೊರೋವರೆಗೂ' ಅನ್ನಲಿಲ್ಲ. ಹತ್ತು ತೊಲ ಬಂಗಾರ ಅಂದರೆ ಇಂದಿನ ಅಂಗಡಿ ಲೆಕ್ಕದಲ್ಲಿ ನೂರು ಗ್ರಾಂ, ಒಂದು ಮುಷ್ಟಿ. ಹೊರಲು ಕಷ್ಟವೇ ಇಲ್ಲ. ಹೊತ್ತು ಹೋಗುವುದು, ಪ್ರಾಣ ಹೋಗುವುದು ಹುಡುಕಾಟದಲ್ಲಿ. ಆದ್ದರಿಂದ ಏನು ಒಯ್ಯಬೇಕು, ಅದು ಎಲ್ಲಿದೆ, ಯಾರು ಒಯ್ಯಬೇಕು ಅನ್ನುವುದನ್ನು ನೀರು ಬಂದ ರಾತ್ರಿ ಅಲ್ಲ, ಬಿಸಿಲು ಇರುವ ದಿನ ತೀರ್ಮಾನ ಮಾಡಿಡಬೇಕು. ನನ್ನ ವಾದ ಇಷ್ಟೇ.

ಅಳತೆಯೂ ಸುಲಭ. ಪ್ರತಿಯೊಬ್ಬರಿಗೂ ಎರಡು ಕೈ. ಒಂದು ಮಗುವಿಗೋ ಮುದುಕರಿಗೋ. ಇನ್ನೊಂದು ಕೈಯಲ್ಲಿ ಹಿಡಿಸುವಷ್ಟೇ ಗಂಟು. ಅದಕ್ಕಿಂತ ಹೆಚ್ಚಾದದ್ದು ಮನೆಯಲ್ಲೇ ಇರಲಿ.

ಮೊದಲು ಬಂಗಾರ. ಮಳೆಗಾಲದ ಮಟ್ಟಿಗೆ ಎಲ್ಲವೂ ಒಂದೇ ಕಡೆ ಇರಲಿ. ಎಲ್ಲಿದೆ ಅಂತ ಇಬ್ಬರಿಗೆ ಗೊತ್ತಿರಲಿ, ಒಬ್ಬರಿಗಲ್ಲ. ನಮ್ಮ ಅಜ್ಜಿಯರು ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದರಲ್ಲ, ಅಂಥ ಬಟ್ಟೆಯ ಸಂಚಿಗಿಂತ ಒಳ್ಳೆಯ ಪೆಟ್ಟಿಗೆ ಇಲ್ಲ. ಸೀರೆಯ ಒಳಗೆ ಕಟ್ಟಿದರೆ ಕೈ ಎರಡೂ ಖಾಲಿ. ಎಲ್ಲವನ್ನೂ ಕೊರಳಿಗೆ, ಕೈಗೆ ಹಾಕಿಕೊಂಡು ಹೊರಡುವುದು ಬೇಡ. ಜನ ತುಂಬಿದ ಕಡೆ ರಾತ್ರಿ ನಿದ್ದೆ ಬರುವುದಿಲ್ಲ. ಒಡವೆಗಳ ಫೋಟೋ, ಅಂಗಡಿಯ ಬಿಲ್ಲು ಫೋನಿನಲ್ಲಿ ಇರಲಿ. ಈಚೆಗೆ ಕೊಂಡ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ, ಅಂಕಿ ಸೇರಿ ಆರು ಇರುವ ಒಂದು ಗುರುತು ಇರುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ. ಕಳೆದು ಸಿಕ್ಕಾಗ 'ಇದು ನನ್ನದು' ಅನ್ನಲು ಆಧಾರ ಬೇಕಲ್ಲ.

ಬೆಳ್ಳಿಯ ಚೊಂಬು, ತಟ್ಟೆ, ದೀಪ ಬಿಟ್ಟು ಬನ್ನಿ. ತೂಕಕ್ಕೆ ತೂಕ ಇಟ್ಟರೆ ಬಂಗಾರದ ಬೆಲೆ ಬೆಳ್ಳಿಯ ಹತ್ತಾರು ಪಟ್ಟು. ಮೇಲೆ ಎಲ್ಲಾದರೂ ಭದ್ರವಾಗಿ ಕಟ್ಟಿಟ್ಟರೆ, ನೀರಲ್ಲಿ ನೆನೆದರೂ ಬೆಳ್ಳಿ ಕಪ್ಪಾದೀತು, ಕೆಡುವುದಿಲ್ಲ.

ಬ್ಯಾಂಕಿನ ಲಾಕರ್ ಇದ್ದವರು ಜೂನ್‌ಗೆ ಮುಂಚೆಯೇ ಅಲ್ಲಿಡಿ. ಆದರೆ ಒಂದು ತಿಳಿದಿರಲಿ. 2022ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಇವುಗಳಿಗೆ ಬ್ಯಾಂಕು ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಹೊಣೆ. ನೆರೆ, ಭೂಕಂಪದಂಥ ಪ್ರಕೃತಿ ವಿಕೋಪಕ್ಕೆ ಹೊಣೆಯಲ್ಲ. ಆದರೂ ನನ್ನ ಮತ ಲಾಕರಿಗೇ. ಬಂಗಾರ ಅಲ್ಲಿದ್ದರೆ ನೀವು ಮನೆ ಬಿಡಲು ತಡಮಾಡುವುದಿಲ್ಲ.

ಇನ್ನೊಂದು ಮಾತು. ನಮ್ಮ ಎಷ್ಟೋ ಮನೆಗಳ ಬಂಗಾರ ಮಳೆಗಾಲದಲ್ಲಿ ಮನೆಯಲ್ಲಿ ಇರುವುದೇ ಇಲ್ಲ. ಬಿತ್ತನೆ ಸಾಲಕ್ಕೆ ಅಡವು ಹೋಗಿರುತ್ತದೆ. ಅಂಥವರಿಗೆ ಅಡವಿನ ಚೀಟಿಯೇ ಬಂಗಾರ. ಅದನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ಇಡುತ್ತೀರಿ, ನಾನೇ ನೋಡಿದ್ದೇನೆ!

ಆಮೇಲೆ ಕಾಗದಪತ್ರ. ನೀರು ಬಂಗಾರವನ್ನು ಕೆಡಿಸುವುದಿಲ್ಲ, ಕಾಗದವನ್ನು ಕೆಡಿಸುತ್ತದೆ. ಪಟ್ಟಾ ಪುಸ್ತಕ, ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಪುಸ್ತಕ, ಜಾತಿ ಪ್ರಮಾಣಪತ್ರ, ಮಕ್ಕಳ ಟಿ.ಸಿ., ಅಂಕಪಟ್ಟಿ, ಇವಿಷ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಗಡಿಯವರಾದ ನಮಗೆ ಇದು ಎರಡು ಪಟ್ಟು ಮುಖ್ಯ. ನಮ್ಮ ಮಗುವಿನ ಹೆಸರು ಶಾಲೆಯಲ್ಲಿ ಕನ್ನಡದಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ತೆಲುಗಿನಲ್ಲಿ ಇನ್ನೊಂದು ಥರ, ಆಧಾರಿನಲ್ಲಿ ಮತ್ತೊಂದು ಥರ. ಮೂಲ ಪತ್ರ ಹೋದರೆ ಆ ಮೂರೂ ಒಬ್ಬನೇ ಅಂತ ಸಾಧಿಸಬೇಕು. ನಾಳೆ ಕರ್ನಾಟಕದಲ್ಲಿ ಗಡಿನಾಡ ಕನ್ನಡಿಗ ಅಂತ ಸೀಟು ಕೇಳಬೇಕಾದರೂ ಕನ್ನಡದಲ್ಲಿ ಓದಿದ್ದಕ್ಕೆ ಪತ್ರ ತೋರಿಸಬೇಕು. ಈಗ ಡಿಜಿಲಾಕರ್ ಇದೆ. ಇಲಾಖೆಯವರೇ ಅದರಲ್ಲಿ ಕೊಟ್ಟ ಪತ್ರಕ್ಕೆ 2017ರಿಂದ ಮೂಲ ಪತ್ರದಷ್ಟೇ ಬೆಲೆ. ನಾವು ಫೋಟೋ ತೆಗೆದು ಹಾಕಿದ್ದಕ್ಕೆ ಆ ಬೆಲೆ ಇಲ್ಲ, ಆದರೆ ನಕಲು ಪ್ರತಿಗೆ ಅರ್ಜಿ ಹಾಕುವಾಗ ಅದರಲ್ಲಿನ ನಂಬರು ಉಪಯೋಗಕ್ಕೆ ಬರುತ್ತದೆ. ನನ್ನ ಹತ್ತಿರ ಆಗ ಅದೂ ಇರಲಿಲ್ಲ.

ಕೊನೆಗೆ ಪುಟ್ಟ ವಸ್ತುಗಳು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ಅದರ ಚೀಟಿ, ಮುದುಕರ ಕನ್ನಡಕ, ಕೂಸಿಗೆ ಹಾಲಿನ ಪುಡಿ, ಟಾರ್ಚು, ಫೋನಿನ ಚಾರ್ಜರು, ಒಂದು ಬಾಟಲಿ ನೀರು, ನೂರು-ಐವತ್ತರ ಚಿಲ್ಲರೆ ನೋಟು. ಕರೆಂಟು ಹೋದಾಗ ಫೋನಿನಲ್ಲಿ ದುಡ್ಡು ಕಳಿಸುವ ಆಟ ನಡೆಯುವುದಿಲ್ಲ. 2009ರಲ್ಲಿ ನಮ್ಮ ಶಾಲೆಯಲ್ಲಿದ್ದ ಅಜ್ಜನೊಬ್ಬ ಎರಡು ದಿನ ಮಾತ್ರೆ ಇಲ್ಲದೆ ಒದ್ದಾಡಿದ. ಆ ಸಂಕಟದ ಮುಂದೆ ಯಾವ ಒಡವೆಯೂ ನೆನಪಾಗಲಿಲ್ಲ.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಉಳಿಯುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಇಳಿದು ಬಂದಾಗ ಜನ ನಿದ್ದೆಯಲ್ಲಿದ್ದರು. ಸಂಚಿ ಕಟ್ಟುವುದಿರಲಿ, ಎದ್ದು ಕೂರಲೂ ಎಷ್ಟೋ ಜನರಿಗೆ ಹೊತ್ತು ಸಿಗಲಿಲ್ಲ. ಹೊಳೆ ಸಾಮಾನ್ಯವಾಗಿ ಹೇಳಿ ಬರುತ್ತದೆ, ಗುಡ್ಡ ಹಾಗಲ್ಲ. ಹೊಳೆಯೂ ಒಮ್ಮೊಮ್ಮೆ ಹೇಳದೆ ಬಂದೀತು. ಆಗ ಸಂಚಿ ಕೈಗೆ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಒಮ್ಮೆ ಹೊರಗೆ ಬಂದ ಮೇಲೆ ಯಾವ ಕಾರಣಕ್ಕೂ ತಿರುಗಿ ಒಳಗೆ ಹೋಗಬಾರದು. ಈ ಒಂದು ನಿಯಮವನ್ನು ಮಾತ್ರ ನಾನು ಈಗಲೂ ಮೇಷ್ಟ್ರಾಗಿಯೇ ಹೇಳುತ್ತೇನೆ.

ಆ ಹುಡುಗಿಯ ತಾಯಿಯನ್ನು ಮೊನ್ನೆ ಶಾಲೆಗೆ ಕರೆಸಿದ್ದೆ. ಬೈಯಲಿಲ್ಲ. ಮಗಳ ಪ್ರಬಂಧ ಓದಿ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನೆ ಕೂತು, "ಅಕಿ ನಿಂತಿದ್ಲು ಸರ. ನಾನs ನೋಡಿಲ್ಲ" ಅಂದಳು. ಎರಡು ದಿನದ ಮೇಲೆ ಹುಡುಗಿ ಬಂದು ಗುಟ್ಟಿನಲ್ಲಿ ಹೇಳಿದಳು. ಅವ್ವ ಹಳೆಯ ರವಿಕೆಯ ಬಟ್ಟೆಯಲ್ಲಿ ಸಂಚಿ ಹೊಲಿದಿದ್ದಾಳಂತೆ. ಎಲ್ಲಿಟ್ಟಿದ್ದಾಳೆ ಅಂತ ಅವಳಿಗೂ ಹೇಳಿದ್ದಾಳಂತೆ. "ನಿಮಗೆ ಮಾತ್ರ ಹೇಳಂಗಿಲ್ಲ ಸರ" ಅಂತ ನಕ್ಕು ಓಡಿದಳು.

ಇವತ್ತು ರಾತ್ರಿ ಊಟವಾದ ಮೇಲೆ ನೀವೂ ನಿಮ್ಮ ಮನೆಯಲ್ಲಿ ಈ ಪ್ರಶ್ನೆ ಕೇಳಿ. ಹತ್ತು ನಿಮಿಷ, ಏನು ಒಯ್ಯುತ್ತೀರಿ? ಮೊದಲು ಮಕ್ಕಳು ಉತ್ತರ ಹೇಳಲಿ. ಅವರು ಎಲ್ಲಿ ನಿಂತಿರುತ್ತಾರೆ ಅನ್ನುವುದು ನಿಮಗೂ ಗೊತ್ತಾಗುತ್ತದೆ.